ಸುಮ್ಮನೆ ಕೂಡುವ ಜಾಗ

ದೊಡ್ಡ ಪಟ್ಟಣದ ನಟ್ಟನಡುವೆ, ನೌಕರಿಯ ಹುಡುಗ ಹುಡುಗಿಯರು ಮುಗಿಬಿದ್ದು ಮನೆ ಹಿಡಿಯುವ ಬಡಾವಣೆಗಳ ಬಗ್ಗೆ ನಮ್ಮಲ್ಲಿ ಎರಡೇ ಬಗೆಯ ಮಾತು ನಡೆಯುತ್ತದೆ. ಒಂದು, ಭಾನುವಾರದ ಪುರವಣಿಯ ಮಾತು. ಅಲ್ಲಿ ಯಾವ ಹೊಸ ಹೋಟೆಲು ತೆರೆಯಿತು, ಯಾವ ಅಂಗಡಿಯ ಕಾಫಿ ರುಚಿ, ಯಾವ ರಸ್ತೆಯಲ್ಲಿ ರಾತ್ರಿ ದೀಪಗಳ ಸೊಬಗು ಎಂಬ ವರ್ಣನೆ. ಇನ್ನೊಂದು, ಮನೆಯ ಹಿರಿಯರ ಮಾತು. ಅಲ್ಲಿಗೆ ಹೋದ ಹುಡುಗಿಯರು ಹಿಡಿತಕ್ಕೆ ಸಿಗುವುದಿಲ್ಲ, ದುಡಿದದ್ದೆಲ್ಲ ಬಾಡಿಗೆಗೆ ಸುರಿಯುತ್ತಾರೆ ಎಂಬ ಶಾಪ. ಹೊಗಳುವವರಿಗೂ ಬೈಯುವವರಿಗೂ ಆ ಓಣಿಯಲ್ಲಿ ಹೆಣ್ಣೊಬ್ಬಳ ದಿನ ಹೇಗೆ ಕಳೆಯುತ್ತದೆ ಎಂಬುದು ಬೇಕಿಲ್ಲ.

ಆದ್ದರಿಂದ ನಾನು ಬೇರೆ ಅಳತೆಗೋಲು ಹಿಡಿಯುತ್ತೇನೆ. ಹೆಣ್ಣೊಬ್ಬಳು ಕೆಲಸವಿಲ್ಲದೆ, ಯಾರಿಗೂ ಕಾರಣ ಹೇಳದೆ, ಒಂದು ತಾಸು ಸುಮ್ಮನೆ ಕೂಡಲು ಆ ಓಣಿಯಲ್ಲಿ ಜಾಗವಿದೆಯೇ? ಇದ್ದರೆ, ಆ ಒಂದು ತಾಸನ್ನು ಅವಳಿಗೆ ಬಿಡಿಸಿಕೊಟ್ಟವರು ಯಾರು? ಈ ಎರಡು ಪ್ರಶ್ನೆ ಇಟ್ಟುಕೊಂಡು ನಾನು ಕೆಲವು ಪುಸ್ತಕಗಳನ್ನೂ ಎರಡು ಬಡಾವಣೆಗಳನ್ನೂ ಓದಿದ್ದೇನೆ. ಬಡಾವಣೆಯನ್ನೂ ಪುಸ್ತಕದ ಹಾಗೆಯೇ ಓದಬಹುದು. ಅದಕ್ಕೂ ಮುಖಪುಟವಿದೆ, ಒಳಪುಟವಿದೆ, ಯಾರೂ ಓದದ ಹಿಂಬದಿಯ ಪುಟವೂ ಇದೆ.

ನಾನಿರುವುದು ಕುಸನೂರಿನಲ್ಲಿ. ಕಲಬುರಗಿಯ ಮಗ್ಗುಲಿನ ಹಳ್ಳಿಯಾಗಿದ್ದ ಊರು ಇದು. 1980ರಲ್ಲಿ ಗುಲ್ಬರ್ಗ ವಿಶ್ವವಿದ್ಯಾಲಯ ಆಯಿತು, ಅದರ ಜ್ಞಾನಗಂಗಾ ಆವರಣ ನಮ್ಮ ನೆರೆಯಾಯಿತು. ಆಮೇಲೆ ಹೊಲಗಳು ಒಂದೊಂದಾಗಿ ಸೈಟುಗಳಾದವು, ಸೈಟುಗಳು ಮನೆಗಳಾದವು, ಮನೆಗಳ ಮೇಲೆ ಬಾಡಿಗೆಯ ಖೋಲಿಗಳು ಎದ್ದವು. ಈಗ ಹಳೆಯ ಓಣಿಯಲ್ಲಿ ಶಹಾಬಾದ ಕಲ್ಲು ಹಾಸಿದ ಕಟ್ಟೆಯ ಮೇಲೆ ಮುದುಕಿಯರು ಕೂತು ಅಕ್ಕಿ ಆರಿಸುತ್ತಾರೆ. ಎದುರಿನ ಹೊಸ ಮನೆಯ ಮಾಳಿಗೆಯಿಂದ ಬ್ಯಾಂಕಿನ ಹುಡುಗಿ, ನರ್ಸು, ಪಿಎಚ್‌.ಡಿ. ಮಾಡುವ ಹುಡುಗಿ ಚಪ್ಪಲಿ ಸದ್ದು ಮಾಡುತ್ತ ಇಳಿದು ಬರುತ್ತಾರೆ. ಬೆಂಗಳೂರಿನವರು ಕೇಳಿದರೆ ನಕ್ಕಾರು, ಕುಸನೂರಿಗೂ ಫ್ಯಾಷನ್ನಿಗೂ ಏನು ಸಂಬಂಧ ಅಂತ. ಆದರೆ ಒಂಟಿಯಾಗಿ ದುಡಿಯುವ ಹುಡುಗಿ ಬಾಡಿಗೆಗೆ ಬಂದ ದಿನವೇ ಒಂದು ಓಣಿ ಬದಲಾಗಲು ಶುರುವಾಗುತ್ತದೆ. ಕಾಫಿ ಅಂಗಡಿ ಆಮೇಲೆ ಬರುತ್ತದೆ.

ಮೊದಲು ಪುಸ್ತಕ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ 2013ರಲ್ಲಿ ಬಂತು. 2015ರಲ್ಲಿ ಶ್ರೀನಾಥ್ ಪೆರೂರ್ ಅದನ್ನು ಇಂಗ್ಲಿಷಿಗೆ ತಂದ ಮೇಲೆ ಪರದೇಶಗಳಲ್ಲೂ ಓದುಗರಾದರು. ಬೆಂಗಳೂರಿನ ಸಣ್ಣ ಬಾಡಿಗೆ ಮನೆಯಲ್ಲಿ ಇರುವೆಗಳ ಜೊತೆ ಗುದ್ದಾಡುತ್ತಿದ್ದ ಒಂದು ಸಂಸಾರ, ಚಿಕ್ಕಪ್ಪನ ಮಸಾಲೆ ವ್ಯಾಪಾರ ಕುದುರಿದ್ದೇ ತಡ, ದೊಡ್ಡ ಮನೆಗೆ ಹೋಗುತ್ತದೆ. ಕತೆ ಹೇಳುವ ಮಗನಿಗೆ ಮಾಡಲು ಕೆಲಸವಿಲ್ಲ. ಅವನು ದಿನಾ ಹೋಗಿ ಕೂಡುವುದು ಕಾಫಿ ಹೌಸಿನಲ್ಲಿ. ಎತ್ತರದ ಚಾವಣಿ, ಕಿಟಕಿ, ಮನಸ್ಸಿನಲ್ಲಿದ್ದದ್ದನ್ನು ಹೇಳುವ ಮೊದಲೇ ತಿಳಿದುಕೊಳ್ಳುವ ವಿನ್ಸೆಂಟ್ ಎಂಬ ವೇಟರು. ಮನೆಯ ಸಿಕ್ಕಿನಿಂದ ತಪ್ಪಿಸಿಕೊಂಡು ಬಂದವನಿಗೆ ಆ ಕುರ್ಚಿಯೇ ತವರುಮನೆ.

ಈ ಪುಸ್ತಕವನ್ನು ಹಣ ಮನುಷ್ಯರನ್ನು ಕೆಡಿಸುವ ಕತೆ ಎಂದು ಬಹಳ ಜನ ಓದಿದ್ದಾರೆ. ಅದು ಸರಿಯೇ. ಆದರೆ ನಾವು ಹೆಂಗಸರು ಓದಬೇಕಾದದ್ದು ಯಾರು ಎಲ್ಲಿ ಕೂತಿದ್ದಾರೆ, ಯಾರು ಎಲ್ಲಿ ನಿಂತಿದ್ದಾರೆ ಎಂಬುದನ್ನು. ಕಾಫಿ ಹೌಸಿಗೆ ಹೆಣ್ಣುಮಕ್ಕಳು ಬರುವುದಿಲ್ಲ ಅಂತಲ್ಲ. ಒಬ್ಬಳು ಜೊತೆಗೆ ಬಂದವನ ಕೆನ್ನೆಗೆ ಬಾರಿಸುತ್ತಾಳೆ. ಚಿತ್ರಾ ಎಂಬವಳು, ಹೆಂಗಸರ ಸಂಸ್ಥೆಯಲ್ಲಿ ದುಡಿಯುವವಳು, ದಿನವಿಡೀ ಕೇಳಿದ ಸಂಕಟಗಳನ್ನು ಹೊತ್ತುಕೊಂಡು ಬಂದು ಅವನ ಮುಂದೆ ಇಳಿಸುತ್ತಾಳೆ, ಅವನು ಒಂದು ದಿನ ಅವಳನ್ನು ಕಾಣುವುದನ್ನೇ ಬಿಟ್ಟುಬಿಡುತ್ತಾನೆ. ಕುರ್ಚಿ ಮಾತ್ರ ಅವನದು, ಕಾಯಂ. ಇತ್ತ ಮನೆಯ ಬಾಗಿಲಿಗೆ ಚಿಕ್ಕಪ್ಪನನ್ನು ಹುಡುಕಿಕೊಂಡು ಒಬ್ಬ ಹೆಂಗಸು ಬರುತ್ತಾಳೆ, ಅವನಿಗೆ ಇಷ್ಟವೆಂದು ಬೇಳೆಯ ಸಾರು ಮಾಡಿಕೊಂಡು. ಒಳಗಿನ ಹೆಂಗಸರೇ ಅವಳನ್ನು ಬೈದು ಅಟ್ಟುತ್ತಾರೆ. ಹೊಸ್ತಿಲೊಳಗಿಂದ ಅದು ತಪ್ಪೆಂದು ಹೇಳುವವಳು ಸೊಸೆ ಅನಿತಾ ಒಬ್ಬಳೇ. ಕೊನೆಗೆ ಅವಳ ಗತಿ ಏನಾಯಿತೆಂದು ಓದುಗರು ಎದೆ ಹಿಡಿದುಕೊಂಡು ಊಹಿಸಬೇಕು.

ತೊಗರಿಯ ನಾಡಿನವಳಾದ ನನಗೆ ಆ ಬೇಳೆಯ ಪ್ರಸಂಗ ಬಹಳ ದಿನ ಕಾಡಿತು. ನಮ್ಮ ಕಡೆ ಬಾಗಿಲಿಗೆ ಬಂದವರ ಕೈಯಲ್ಲಿ ಪಾತ್ರೆ ಇದ್ದರೆ ವೈರಿಯಾದರೂ ಒಳಗೆ ಕರೆಯುತ್ತೇವೆ. ಶಾನಭಾಗರು ತೋರಿಸುವುದು ಇದನ್ನೇ: ಮನೆ ದೊಡ್ಡದಾದ ಮೇಲೆ ಹೊಸ್ತಿಲು ಕಾಯುವ ಕೆಲಸವೂ ದೊಡ್ಡದಾಗುತ್ತದೆ, ಆ ಕೆಲಸ ಹೆಂಗಸರಿಗೆ ಬೀಳುತ್ತದೆ. ಗಂಡಸು ಕಾಫಿ ಹೌಸಿಗೆ ಹೋಗಿ ಸಂಕಟಪಡುತ್ತಾನೆ. ಲೇಖಕರು ಅವನ ಮೇಲೆ ತೀರ್ಪು ಬರೆಯುವುದಿಲ್ಲ, ಅವನ ಬಾಯಿಂದಲೇ ಅವನನ್ನು ಹಿಡಿದುಕೊಡುತ್ತಾರೆ. ಅದು ಪುಸ್ತಕದ ಹೆಚ್ಚುಗಾರಿಕೆ. ಆದರೆ ಒಂದು ಮಿತಿಯೂ ಇದೆ. ಆ ಕುರ್ಚಿಯಲ್ಲಿ ಅನಿತಾ ಕೂತು ಕತೆ ಹೇಳಿದ್ದರೆ ಹೇಗಿರುತ್ತಿತ್ತು ಎಂಬುದು ನಮಗೆ ಸಿಗುವುದಿಲ್ಲ. ಪಟ್ಟಣದ ಬಗೆಗಿನ ನಮ್ಮ ಬಹಳಷ್ಟು ಒಳ್ಳೆಯ ಬರವಣಿಗೆ ಕಿಟಕಿ ಪಕ್ಕದ ಗಂಡಸಿನ ಕುರ್ಚಿಯಿಂದಲೇ ಬಂದದ್ದು.

ಕಿಟಕಿಯ ಪಕ್ಕ ಹೆಂಗಸು ಕೂತು ಬರೆದದ್ದೂ ಇದೆ. ಅಮೆರಿಕದ ಜೇನ್ ಜೇಕಬ್ಸ್ 1961ರಲ್ಲಿ ದೊಡ್ಡ ಪಟ್ಟಣಗಳ ಸಾವು ಬದುಕಿನ ಬಗ್ಗೆ ಒಂದು ಪುಸ್ತಕ ಬರೆದಳು. ನ್ಯೂಯಾರ್ಕಿನ ಗ್ರೀನಿಚ್ ವಿಲೇಜಿನ ಹಡ್ಸನ್ ರಸ್ತೆಯಲ್ಲಿ ಅವಳ ಮನೆ. ದೊಡ್ಡ ಇಂಜಿನಿಯರುಗಳು ನಕ್ಷೆ ಬಿಡಿಸಿ ಹಳೆಯ ಓಣಿಗಳನ್ನು ಕೆಡವಿ ಹೆದ್ದಾರಿ ಮಾಡಬೇಕೆಂದಾಗ, ಆಕೆ ಬೆಳಗಾಗೆದ್ದು ಕಸದ ಡಬ್ಬಿ ಹೊರಗಿಡುವಾಗ ಕಂಡದ್ದನ್ನು ಬರೆದು ಅವರಿಗೆ ಉತ್ತರ ಕೊಟ್ಟಳು. ಅಂಗಡಿಯವರು, ಕಿಟಕಿಯ ಹೆಂಗಸರು, ಕಟ್ಟೆಯ ಮುದುಕರು – ಇವರ ಕಣ್ಣುಗಳೇ ಬೀದಿಯನ್ನು ಕಾಯುತ್ತವೆ, ಪೊಲೀಸರಲ್ಲ ಎಂಬುದು ಅವಳ ವಾದ. ಹಳೆಯ ಓಣಿಯ ಗಲಿಬಿಲಿಯಲ್ಲೂ ಒಂದು ಲಯವಿದೆ ಎಂದು ಕಂಡವಳು ಅವಳು. ಮನೆಗೆಲಸದ ನಡುವೆ ಕಂಡದ್ದು ಶಾಸ್ತ್ರವಾಗಬಹುದು ಎಂದು ತೋರಿಸಿದ್ದಕ್ಕೆ ಅವಳಿಗೆ ನಾವು ಋಣಿ.

ಆದರೂ ಕುಸನೂರಿನಲ್ಲಿ ಕೂತು ಓದಿದಾಗ ನನಗೆ ಒಂದು ತಕರಾರು ಎದ್ದಿತು. ಬೀದಿಯ ಕಣ್ಣುಗಳು ನಮ್ಮಲ್ಲಿ ಕಡಿಮೆ ಏನಿಲ್ಲ. ಸಂಜೆ ಏಳಕ್ಕೆ ಹುಡುಗಿ ಖೋಲಿಗೆ ಬಂದರೆ ಕಟ್ಟೆ ನೋಡುತ್ತದೆ, ಎಂಟಕ್ಕೆ ಬಂದರೆ ಕಟ್ಟೆ ಕೇಳುತ್ತದೆ, ಒಂಬತ್ತಕ್ಕೆ ಬಂದರೆ ಕಟ್ಟೆ ಮನೆಯ ಮಾಲಕರಿಗೆ ಹೇಳುತ್ತದೆ. ಯಾರಾದರೂ ಅವಳ ಬೆನ್ನು ಹತ್ತಿ ಬಂದರೆ ಕೋಲು ಹಿಡಿದು ಏಳುವುದೂ ಇದೇ ಕಟ್ಟೆ. ಕಾಯುವ ಕಣ್ಣು, ಕಾವಲಿಡುವ ಕಣ್ಣು ಎರಡೂ ಒಂದೇ ಮುಖದಲ್ಲಿವೆ. ಜೇಕಬ್ಸ್ ಮೊದಲನೆಯದನ್ನು ಕಂಡಷ್ಟು ಎರಡನೆಯದನ್ನು ಕಾಣಲಿಲ್ಲ. ಕಾಣಬೇಕಾದ ಪ್ರಸಂಗ ಅವಳಿಗೆ ನಮ್ಮಷ್ಟು ಬಂದಿರಲಿಕ್ಕಿಲ್ಲ.

ಆ ಎರಡನೆಯ ಕಣ್ಣಿನಿಂದ ಪಾರಾಗಲಿಕ್ಕೇ ನಮ್ಮ ಹುಡುಗಿಯರು ಉದ್ಯಾನ್ ಎಕ್ಸ್‌ಪ್ರೆಸ್ ಹತ್ತುತ್ತಾರೆ. ನನ್ನ ತಂಗಿಯ ಮಗಳೂ ಹತ್ತಿದಳು. ಅವಳು ಇನ್ನಿಬ್ಬರು ಗೆಳತಿಯರ ಜೊತೆ ಇಂದಿರಾನಗರದಲ್ಲಿ ಮನೆ ಮಾಡಿದಾಗ ನಾನು ಹದಿನೈದು ದಿನ ಹೋಗಿ ಇದ್ದೆ. ನಿವೃತ್ತರು ದೊಡ್ಡ ಅಂಗಳದ ಮನೆ ಕಟ್ಟಿಕೊಂಡು ನೆಮ್ಮದಿಯಾಗಿದ್ದ ಬಡಾವಣೆ ಅದು. ನೂರಡಿ ರಸ್ತೆಯ ಬಂಗಲೆಗಳು ಅಂಗಡಿಗಳಾದವು, ಒಳರಸ್ತೆಗಳಿಗೆ ಪಬ್ಬುಗಳು ಬಂದವು. 2011ರ ಅಕ್ಟೋಬರ್ 20ರಂದು ಬೆಂಗಳೂರಿನ ಮೊದಲ ಮೆಟ್ರೊ ಓಡಿದ್ದೇ ಇಂದಿರಾನಗರದ ಮೇಲಿಂದ. ರಾತ್ರಿಯ ಸದ್ದು ತಾಳಲಾರದೆ ಹಳೆಯ ನಿವಾಸಿಗಳು ನ್ಯಾಯಾಲಯದ ತನಕ ಹೋದದ್ದೂ ಉಂಟು. ರಾಹುಲ್ ದ್ರಾವಿಡ್‌ರಂಥ ಸೌಮ್ಯ ಮನುಷ್ಯ 2021ರ ಒಂದು ಜಾಹೀರಾತಿನಲ್ಲಿ ಕಾರಿನಿಂದ ಮೇಲೆದ್ದು ತಾನು ಈ ಬಡಾವಣೆಯ ಗೂಂಡಾ ಎಂದು ಕೂಗಿದ್ದೇ, ಇಡೀ ದೇಶ ಅದರ ಹೆಸರು ಕಲಿಯಿತು. ಊರ ಹೆಸರೇ ಮಾರಾಟದ ಚೀಟಿಯಾದ ಮೇಲೆ ಬಾಡಿಗೆ ಇಳಿಯುವುದುಂಟೇ!

ಅಲ್ಲಿ ನಾನು ಮೆಚ್ಚಿದ್ದನ್ನು ಮೊದಲು ಹೇಳುತ್ತೇನೆ, ಇಲ್ಲದಿದ್ದರೆ ವಿಮರ್ಶೆ ಹೊಟ್ಟೆಕಿಚ್ಚಾಗುತ್ತದೆ. ಒಂದು ಮಧ್ಯಾಹ್ನ ಹುಡುಗಿಯರೆಲ್ಲ ಕೆಲಸಕ್ಕೆ ಹೋದ ಮೇಲೆ ನಾನು ಒಬ್ಬಳೇ ಒಂದು ಕಾಫಿ ಅಂಗಡಿಗೆ ಹೋಗಿ ಕೂತೆ. ಇಳಕಲ್ ಸೀರೆ, ಕೈಯಲ್ಲಿ ಚೀಲ. ಯಾರೂ ತಿರುಗಿ ನೋಡಲಿಲ್ಲ. ಪಕ್ಕದ ಮೇಜಿನಲ್ಲಿ ಒಬ್ಬ ಹುಡುಗಿ ಕಾಲು ಮಡಚಿಕೊಂಡು ಹೊರಗಿನ ಮಳೆಮರ ನೋಡುತ್ತಿದ್ದಳು. ಕೈಯಲ್ಲಿ ಫೋನಿಲ್ಲ, ಪುಸ್ತಕವಿಲ್ಲ, ಯಾರಿಗೂ ಕಾಯುತ್ತಿರಲಿಲ್ಲ. ನನಗೆ ಐವತ್ತು ದಾಟಿದೆ. ಯಾವ ಕೆಲಸವೂ ಇಲ್ಲದೆ, ಯಾವ ನೆಪವೂ ಇಲ್ಲದೆ ಹೊರಗೆ ಕೂತ ಹೆಣ್ಣನ್ನು ಅಷ್ಟು ಹತ್ತಿರದಿಂದ ನಾನು ಕಂಡದ್ದು ಅದೇ ಮೊದಲು. ನಮ್ಮೂರಿನಲ್ಲಿ ಹೆಂಗಸು ಹೊರಗೆ ಕೂಡಬೇಕಾದರೆ ಶರಣಬಸವೇಶ್ವರ ಗುಡಿ ಬೇಕು, ಬಂದೇನವಾಜರ ದರ್ಗಾ ಬೇಕು, ಬಸ್ ನಿಲ್ದಾಣ ಬೇಕು, ಆಸ್ಪತ್ರೆ ಬೇಕು. ದೇವರೋ ಬಸ್ಸೋ ರೋಗವೋ ಅವಳ ಪರವಾಗಿ ಜಾಮೀನು ನಿಲ್ಲಬೇಕು.

ಈಗ ಒಪ್ಪದ್ದು. ಆ ಕುರ್ಚಿ ಒಂದು ಬಟ್ಟಲು ಕಾಫಿಯ ಬೆಲೆಗೆ ಸಿಗುವಂಥದ್ದು. ಆ ಬೆಲೆಗೆ ನಮ್ಮ ಕುಸನೂರಿನಲ್ಲಿ ನಾಲ್ಕು ಜನಕ್ಕೆ ರೊಟ್ಟಿ ಊಟ ಆಗುತ್ತದೆ. ದುಡ್ಡು ಕೊಟ್ಟು ಕೂತದ್ದು ಹಕ್ಕು ಹೇಗಾದೀತು, ಅದು ಗಿರಾಕಿತನ. ಗಿರಾಕಿಗೆ ಸಿಕ್ಕ ಮರ್ಯಾದೆಯನ್ನು ಹೆಣ್ಣಿಗೆ ಸಿಕ್ಕ ಮರ್ಯಾದೆ ಎಂದು ತಿಳಿದರೆ ಮೋಸಹೋಗುತ್ತೇವೆ. 2009ರ ಜನವರಿ 24ರಂದು ಮಂಗಳೂರಿನ ಒಂದು ಪಬ್ಬಿಗೆ ಗುಂಪು ನುಗ್ಗಿ ಹುಡುಗಿಯರನ್ನು ಹೊಡೆದು ಎಳೆದಾಡಿದ್ದನ್ನು ಟಿವಿಯಲ್ಲಿ ದೇಶವೆಲ್ಲ ನೋಡಿತು. 2018ರಲ್ಲಿ ಆರೋಪಿಗಳು ಖುಲಾಸೆಯಾದರು. ಆ ಹುಡುಗಿಯರೂ ಅಲ್ಲಿ ಗಿರಾಕಿಗಳಾಗಿಯೇ ಇದ್ದವರು. ಒಳಗೆ ಕುರ್ಚಿ ಇದ್ದರೆ ಸಾಲದು, ಹೊರಗೆ ಬೀದಿಯೂ ನಮ್ಮದಾಗಬೇಕು.

ಈ ಮಾತನ್ನು ತರ್ಕಬದ್ಧವಾಗಿ ಹೇಳಿದ ಪುಸ್ತಕ ಶಿಲ್ಪಾ ಫಡ್ಕೆ, ಸಮೀರಾ ಖಾನ್, ಶಿಲ್ಪಾ ರಾನಡೆ ಮೂವರು ಸೇರಿ ಮುಂಬಯಿಯ ಬಗ್ಗೆ ಬರೆದದ್ದು. ‘ವೈ ಲಾಯ್ಟರ್?’ ಅಂತ ಅದರ ಹೆಸರು, ಸುಮ್ಮನೆ ಅಡ್ಡಾಡುವುದೇಕೆ ಎಂದು ಅರ್ಥ. 2011ರಲ್ಲಿ ಬಂತು. ಹೆಣ್ಣಿಗೆ ಬರೀ ಸುರಕ್ಷತೆ ಕೊಟ್ಟರೆ ಸಾಲದು, ಕೆಲಸವಿಲ್ಲದೆಯೂ ಬೀದಿಯಲ್ಲಿ ನಿಲ್ಲುವ ಹಕ್ಕು ಬೇಕು ಎಂಬುದು ಅವರ ವಾದ. ಅವರ ಇನ್ನೊಂದು ಮಾತು ನನಗೆ ಹೆಚ್ಚು ಹಿಡಿಸಿತು. ಮಧ್ಯಮ ವರ್ಗದ ಹೆಣ್ಣಿನ ರಕ್ಷಣೆಯ ಹೆಸರಿನಲ್ಲಿ ಬಡವರನ್ನು ಬೀದಿಯಿಂದ ಎಬ್ಬಿಸಬೇಡಿ, ಬೀದಿ ಇಬ್ಬರಿಗೂ ಇರಲಿ ಎನ್ನುತ್ತಾರೆ ಅವರು. ಕಾವಲುಗಾರನನ್ನು ನಿಲ್ಲಿಸಿದ ಗೇಟಿನೊಳಗಷ್ಟೇ ಸಿಗುವ ಸ್ವಾತಂತ್ರ್ಯ ಎಷ್ಟರದು ಎಂದು ಯೋಚಿಸಿದವರಿಗೆ ಈ ಮಾತಿನ ತೂಕ ತಿಳಿಯುತ್ತದೆ.

ಮೂವರು ಲೇಖಕಿಯರಿಗೆ ಕುಸನೂರಿನಿಂದ ಒಂದು ಪ್ರಶ್ನೆ ಮಾತ್ರ ಉಳಿಯುತ್ತದೆ. ಮುಂಬಯಿಯಲ್ಲಿ ಅಡ್ಡಾಡುವ ಹೆಣ್ಣು ಅಪರಿಚಿತಳು. ನಮ್ಮಲ್ಲಿ ಅಪರಿಚಿತರೇ ಇಲ್ಲವಲ್ಲ! ಸೂಪರ್ ಮಾರ್ಕೆಟ್ಟಿನಲ್ಲಿ ಹತ್ತು ಹೆಜ್ಜೆ ಇಟ್ಟರೆ ಗಂಡನ ಆಫೀಸಿನವರು, ಮಗನ ಮಾಸ್ತರರು, ಬೀಗರ ಕಡೆಯವರು ಸಿಗುತ್ತಾರೆ. ಸಿಕ್ಕವರ ಮೊದಲ ಪ್ರಶ್ನೆ, ಯಾಕ ಬಂದೀರಿ, ಒಬ್ಬರೇ ಬಂದೀರಿ? 2023ರ ಜೂನ್ 11ರಂದು ರಾಜ್ಯದಲ್ಲಿ ಶಕ್ತಿ ಯೋಜನೆ ಬಂದು ಹೆಂಗಸರಿಗೆ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿಲ್ಲದೆ ಓಡಾಡುವ ಅವಕಾಶ ಸಿಕ್ಕಾಗ ಎದ್ದ ಗೊಣಗಾಟ ನೆನಪಿಸಿಕೊಳ್ಳಿ. ಹೆಂಗಸರು ಸುಮ್ಮಸುಮ್ಮನೆ ತಿರುಗುತ್ತಾರೆ ಎಂಬುದೇ ದೊಡ್ಡ ದೂರು. ಕೆಲಸಕ್ಕೆ, ಆಸ್ಪತ್ರೆಗೆ, ತವರಿಗೆ ಹೋದರೆ ಯಾರೂ ತಪ್ಪೆನ್ನಲಿಲ್ಲ. ಸುಮ್ಮನೆ ಹೋದದ್ದೇ ತಪ್ಪಾಯಿತು. ಕಮಲಾಪುರದಿಂದ ಒಬ್ಬ ಹೆಣ್ಣುಮಗಳು ಕಲಬುರಗಿಗೆ ಬಂದು ಅಪ್ಪನ ಕೆರೆಯ ದಂಡೆಯಲ್ಲಿ ಗಾಳಿ ಕುಡಿದು ಮರಳಿದರೆ ಲೋಕ ಮುಳುಗುತ್ತದೆಯೇ? ಗಂಡಸರು ಚಾದಂಗಡಿಯ ಮುಂದೆ ತಾಸುಗಟ್ಟಲೆ ಕೂತದ್ದಕ್ಕೆ ಯಾರೂ ಲೆಕ್ಕ ಬರೆದಿಟ್ಟಿಲ್ಲ.

ನನ್ನ ಎರಡನೆಯ ಪ್ರಶ್ನೆ ಇನ್ನೂ ಹಾಗೇ ಇದೆ. ಸುಮ್ಮನೆ ಕೂತವಳ ಮನೆಯ ಪಾತ್ರೆ ತೊಳೆದವರು ಯಾರು? ಇಂದಿರಾನಗರದ ಆ ಮನೆಯಲ್ಲಿ ಬೆಳಿಗ್ಗೆ ಏಳಕ್ಕೆ ಒಬ್ಬಾಕೆ ಬರುತ್ತಿದ್ದಳು. ನಮ್ಮ ಕಡೆಯ ಮಾತು ಕೇಳಿದ್ದೇ ಅವಳ ಮುಖ ಅರಳಿತು; ರಾಯಚೂರು ಸೀಮೆಯವಳು. ಮಳೆಯಿಲ್ಲದ ವರ್ಷ ಗಂಡನ ಜೊತೆ ಕಟ್ಟಡದ ಕೆಲಸಕ್ಕೆ ಬಂದವಳು ಅಲ್ಲೇ ಉಳಿದಿದ್ದಳು. ಐದು ಮನೆ ಕೆಲಸ. ಆ ಬಡಾವಣೆಯಲ್ಲಿ ಅವಳು ದಿನಕ್ಕೆ ಎಂಟು ತಾಸು ಇರುತ್ತಾಳೆ, ಆದರೆ ಅಲ್ಲಿ ಅವಳು ಕೂತದ್ದು ಮೆಟ್ಟಿಲ ಮೇಲೆ, ಇನ್ನೊಂದು ಮನೆಯ ಬಾಗಿಲು ತೆರೆಯುವ ತನಕ. ಕರ್ನಾಟಕ 2004ರಲ್ಲೇ ಮನೆಗೆಲಸದವರಿಗೆ ಕನಿಷ್ಠ ಕೂಲಿ ಗೊತ್ತುಪಡಿಸಿತು ಎಂದು ನಾನು ಹೇಳಿದಾಗ ಅವಳು ನಕ್ಕಳು. ಹುಡುಗಿಯರು ಒಳ್ಳೆಯವರೇ, ಹಬ್ಬಕ್ಕೆ ಸೀರೆ ಕೊಡುತ್ತಾರೆ, ಅಕ್ಕಾ ಎನ್ನುತ್ತಾರೆ. ಭಾನುವಾರ ರಜೆ ಕೊಡುವ ಮಾತು ಬಂದಾಗ ಮಾತ್ರ ಮೂವರೂ ಫೋನು ನೋಡತೊಡಗಿದರು.

ಲಂಡನ್ನಿನಲ್ಲಿ ದುಡಿಯುವವರ ಓಣಿಗಳಿಗೆ ಉಳ್ಳವರು ಬಂದು ಸೇರಿ, ಮೊದಲಿದ್ದವರು ಬಾಡಿಗೆ ತಾಳಲಾರದೆ ಜಾಗ ಖಾಲಿ ಮಾಡಿದ್ದನ್ನು ರೂತ್ ಗ್ಲಾಸ್ ಎಂಬ ಸಮಾಜಶಾಸ್ತ್ರಜ್ಞೆ 1964ರಲ್ಲಿ ಗುರುತಿಸಿ ಜೆಂಟ್ರಿಫಿಕೇಷನ್ ಎಂದು ಹೆಸರಿಟ್ಟಳು. ಜೇಕಬ್ಸ್ ಹೋರಾಡಿ ಉಳಿಸಿದ ಗ್ರೀನಿಚ್ ವಿಲೇಜೂ ಮುಂದೆ ಸಿರಿವಂತರ ಪಾಲಾಯಿತು. ಇಬ್ಬರು ಹೆಂಗಸರಲ್ಲಿ ಒಬ್ಬಳು ಓಣಿಯ ಸೊಗಸನ್ನು ಕಂಡಳು, ಇನ್ನೊಬ್ಬಳು ಆ ಸೊಗಸಿಗೆ ತೆತ್ತ ಬೆಲೆಯನ್ನು ಕಂಡಳು. ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓದಬೇಕು.

ಬೆಲೆ ತೆತ್ತವರ ಕತೆಗೆ ನಾವು ಲಂಡನ್ನಿಗೆ ಹೋಗಬೇಕಾಗಿಯೂ ಇಲ್ಲ. ಗೀತಾ ನಾಗಭೂಷಣ ಇದ್ದದ್ದು ನಮ್ಮ ಕಲಬುರಗಿಯಲ್ಲೇ. 1942ರಲ್ಲಿ ಸಾವಳಗಿಯಲ್ಲಿ ಹುಟ್ಟಿದ ಆಕೆ ‘ಬದುಕು’ ಕಾದಂಬರಿಗೆ 2004ರ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಕನ್ನಡದಲ್ಲಿ ಆ ಪ್ರಶಸ್ತಿ ಪಡೆದ ಮೊದಲ ಮಹಿಳೆ. 2010ರಲ್ಲಿ ಗದಗದ ಸಾಹಿತ್ಯ ಸಮ್ಮೇಳನದ ಅಧ್ಯಕ್ಷರಾದರು, 2020ರ ಜೂನ್‌ನಲ್ಲಿ ತೀರಿಕೊಂಡರು. ಅವರ ಬರವಣಿಗೆಯಲ್ಲಿ ದುಡಿಯುವ ಹೆಂಗಸರು ನಮ್ಮ ಮಾತಿನಲ್ಲೇ ಬೈಯುತ್ತಾರೆ, ಅಳುತ್ತಾರೆ, ನಗುತ್ತಾರೆ. ಕೆಲವರಿಗೆ ಆ ಭಾಷೆ ಒರಟಾಗಿ ಕಂಡಿತು. ನನಗೆ ಅದು ಹೊಸ್ತಿಲಿನ ಹೊರಗೆ ನಿಂತವಳ ಭಾಷೆ. ‘ಘಾಚರ್ ಘೋಚರ್’ನಲ್ಲಿ ಬೇಳೆ ತಂದು ಬಾಗಿಲಲ್ಲಿ ನಿಂತವಳಿಗೆ ಹೆಚ್ಚು ಮಾತಾಡಲು ಬಿಡಲಿಲ್ಲ. ಗೀತಕ್ಕನ ಪುಟಗಳಲ್ಲಿ ಅಂಥವಳೇ ಬಾಯಿ ತೆರೆಯುತ್ತಾಳೆ. ಈ ಇಬ್ಬರು ಲೇಖಕರನ್ನು ಪಕ್ಕಪಕ್ಕದಲ್ಲಿಟ್ಟು ಓದಿದರೆ ಪಟ್ಟಣದ ಒಳಮನೆಯೂ ಹಿತ್ತಲೂ ಒಟ್ಟಿಗೇ ಕಾಣುತ್ತವೆ.

ಹಾಗಾದರೆ ತೀರ್ಪೇನು? ಫ್ಯಾಷನ್ ಬಡಾವಣೆಗಳು ನಮ್ಮ ಹುಡುಗಿಯರಿಗೆ ನಿಜವಾದ ಒಂದು ಸುಖ ಕೊಟ್ಟಿವೆ. ಅದನ್ನು ಶೋಕಿ ಎಂದು ತಳ್ಳಿಹಾಕುವವರು ಒಂದು ದಿನ ಹೆಣ್ಣಾಗಿ ನಮ್ಮ ಕಟ್ಟೆಯ ಮುಂದೆ ಒಂಬತ್ತು ಗಂಟೆಗೆ ಹಾಯ್ದು ನೋಡಲಿ. ಆದರೆ ಆ ಸುಖ ಅರ್ಧ. ಕಾಫಿಗೆ ದುಡ್ಡಿದ್ದವಳಿಗೆ ಕುರ್ಚಿ, ಕಾಫಿಯ ಬಟ್ಟಲು ತೊಳೆದವಳಿಗೆ ಮೆಟ್ಟಿಲು ಎಂಬಲ್ಲಿಗೆ ಅದು ನಿಂತಿದೆ.

ಕುಸನೂರು ಇನ್ನೂ ಪೂರ್ತಿ ಪಟ್ಟಣವಾಗಿಲ್ಲ. ಆದ್ದರಿಂದ ನಮಗೆ ಇನ್ನೂ ಸ್ವಲ್ಪ ಅವಕಾಶವಿದೆ. ನಮ್ಮ ಓಣಿಯ ತಿರುವಿನಲ್ಲೂ ಈಚೆಗೆ ಗಾಜಿನ ಬಾಗಿಲಿನ ಕಾಫಿ ಅಂಗಡಿಯಾಗಿದೆ, ಮಾಳಿಗೆಯ ಹುಡುಗಿಯರು ಸಂಬಳದ ದಿನ ಹೋಗುತ್ತಾರೆ. ಉಳಿದ ದಿನಗಳಿಗೆ ಏನು? ನಮಗೆ ಬೇಕಾದದ್ದು ಕಾಸು ಕೇಳದ ಜಾಗ. ಬೇವಿನ ಮರದ ಕೆಳಗೆ ನಾಲ್ಕು ಶಹಾಬಾದ ಕಲ್ಲು ಹಾಸಿದ ಬೆಂಚು, ರಾತ್ರಿ ಉರಿಯುವ ಒಂದು ದೀಪ, ಹತ್ತಿರದಲ್ಲೊಂದು ಶುಚಿಯಾದ ಶೌಚಾಲಯ. ವಾರ್ಡಿನ ಸದಸ್ಯರು ಮನಸ್ಸು ಮಾಡಿದರೆ ಒಂದು ಕಮಾನಿನ ಖರ್ಚಿನಲ್ಲಿ ಇದೆಲ್ಲ ಆಗುತ್ತದೆ. ಬೆಂಚಿನ ಮೇಲೆ ಬ್ಯಾಂಕಿನ ಹುಡುಗಿಯೂ ಕೂಡಲಿ, ಅವಳ ಖೋಲಿ ಗುಡಿಸುವವಳೂ ಕೂಡಲಿ.

ಇದಕ್ಕಿಂತ ಕಷ್ಟದ ಕೆಲಸ ಕಟ್ಟೆಯ ಮೇಲಿನ ನಮ್ಮದು. ಅಪರಿಚಿತರಾಗುವುದು ನಮ್ಮೂರಿನಲ್ಲಿ ಆಗದ ಮಾತು, ಆಗುವುದೂ ಬೇಡ. ಪರಿಚಿತರಾಗಿದ್ದುಕೊಂಡೇ ಪ್ರಶ್ನೆ ಕೇಳದಿರುವುದನ್ನು ಕಲಿಯಬೇಕು. ಅವಳಿಗೆ ಏನಾದರೂ ಆದರೆ ಓಡಿಹೋಗುವಷ್ಟು ನೋಡಬೇಕು, ಅವಳು ಸುಮ್ಮನೆ ಕೂತಿದ್ದರೆ ಅಕ್ಕಿ ಆರಿಸುತ್ತ ಇರಬೇಕು. ಮಾಳಿಗೆಯ ಹುಡುಗಿ ಒಂಬತ್ತಕ್ಕೆ ಬಂದರೆ, ಊಟ ಆಯ್ತೇನವಾ ಎಂದಷ್ಟೇ ಕೇಳೋಣ. ಎಲ್ಲಿಗೆ ಹೋಗಿದ್ದಿ ಎಂಬುದನ್ನು, ಹೇಳಬೇಕೆನ್ನಿಸಿದ ದಿನ ಅವಳೇ ಬಂದು ನಮ್ಮ ಪಕ್ಕ ಕೂತು ಹೇಳುತ್ತಾಳೆ.